ದುರುಗೇಶನ ಎಂಜಿನ್

ಕೊಟ್ಟೂರು
15-9-2003

ಸೌಭಾಗ್ಯಮ್ಮನವರಿಗೆ ಪಂಚಾಕ್ಷರಪ್ಪನ ಶರಣು.

ಎಂಜಿನ್ ಸುರಕ್ಷಿತವಾಗಿ ನನ್ನ ಶೆಡ್ಡಿಗೆ ಬಂದು ಸೇರಿತು. ನಿಮ್ಮ ಹಿತ್ತಲಿನಿಂದ ಅದನ್ನು ಟೆಂಪೋಗೆ ಏರಿಸುವಾಗ ನೀವು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಿರಿ. ಗಾಡಿ ಹೊರಟ ಮೇಲೆ ಹಿಂದಿನಿಂದ ಓಡಿ ಬಂದು, "ಅಣ್ಣಾರ, ಬಿಚ್ಚಿದ ಮ್ಯಾಲೆ ಒಳಗ ಏನಿತ್ತು ಅಂತ ನನಗ ಬರೆದು ತಿಳಿಸ್ರಿ. ಇದೊಂದ ನನ್ನ ಷರತ್ತು" ಅಂದಿರಿ. ಆಯಿತು ಅಂದೆ. ಕೊಟ್ಟ ಮಾತಿನಂತೆ ಬರೆಯುತ್ತೇನೆ, ಸ್ವಲ್ಪ ದಿನ ಕೊಡಿ.

ಇಷ್ಟು ಹಳೆಯ ಎಂಜಿನ್ನಿಗಾಗಿ ನಾನು ಕೊಟ್ಟೂರಿನಿಂದ ಉಚ್ಚಂಗಿದುರ್ಗದವರೆಗೆ ಯಾಕೆ ಬಂದೆ ಅಂತ ನಿಮಗೆ ಅನ್ನಿಸಿರಬಹುದು. ಹಗರಿಬೊಮ್ಮನಹಳ್ಳಿಯ ಪ್ರವೀಣಕುಮಾರ್ ಅಂತ ಒಬ್ಬ ಗಿರಾಕಿ ಇದ್ದಾನೆ. ಅವನ ಅಜ್ಜನ ಕಾಲದ ಒಂದು ಎಂ.ಜಿ. ಕಾರು ಅವರ ಮನೆಯಲ್ಲಿ ಮೂವತ್ತು ವರ್ಷದಿಂದ ಬಿದ್ದಿತ್ತು. ಇಂಗ್ಲಿಷರ ಗಾಡಿ. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು. ಅದರ ಎಂಜಿನ್ ಒಡೆದುಹೋಗಿದೆ. ಆ ಎಂಜಿನ್ನೂ ನಮ್ಮ ಹಳೇ ಅಂಬಾಸಿಡರ್ ಪೆಟ್ರೋಲ್ ಎಂಜಿನ್ನೂ ಅಣ್ಣತಮ್ಮಂದಿರ ಮಕ್ಕಳಿದ್ದ ಹಾಗೆ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಹುದು. ಆದರೆ ಪೆಟ್ರೋಲ್ ಎಂಜಿನ್ ಈಗ ಎಲ್ಲಿದೆ? ಎಲ್ಲರೂ ಕಿತ್ತು ಡೀಸೆಲ್ ಹಾಕಿಸಿಕೊಂಡರು. ಹಾಕಿಕೊಟ್ಟವನೂ ನಾನೇ, ಕಿತ್ತದ್ದನ್ನು ಗುಜರಿಗೆ ಕಳಿಸಿದವನೂ ನಾನೇ. ಕುಂಬಾರನ ಮನೆಯಲ್ಲಿ ಕುಡಿಯುವುದಕ್ಕೆ ಗಡಿಗೆ ಇಲ್ಲದ ಹಾಗಾಯಿತು ನನ್ನ ಕತೆ. ನಿಮ್ಮ ಹಿತ್ತಲಲ್ಲಿ ಒಂದು ಉಳಿದಿದೆ ಅಂತ ಹರಪನಹಳ್ಳಿಯ ಬಾಡಿಗೆ ಕಾರಿನವರು ಹೇಳಿದರು.

ಅದು ಯಾಕೆ ಉಳಿದಿತ್ತು ಅಂತ ಅವರು ಹೇಳಲಿಲ್ಲ. ನೀವು ಹೇಳಿದರೆ ಬಿಚ್ಚುವಾಗ ಎಲ್ಲಿ ಸರಿಯಾಗಿ ನೋಡಬೇಕೋ ಅಲ್ಲಿ ನೋಡುತ್ತೇನೆ.

ಇಂತಿ,
ಪಂಚಾಕ್ಷರಪ್ಪ


ಉಚ್ಚಂಗಿದುರ್ಗ
24-9-2003

ಮೇಸ್ತ್ರಿ ಪಂಚಾಕ್ಷರಪ್ಪಣ್ಣನವರಿಗೆ ಸೌಭಾಗ್ಯಳ ನಮಸ್ಕಾರ.

ನಾವು ಕ್ಷೇಮ ಅಂತ ಬರೆದು ಕಾಗದ ಶುರು ಮಾಡುವುದು ರೂಢಿ. ನಾನು ಹಾಗೆ ಬರೆದು ಏಳು ವರ್ಷವಾಯಿತು, ಈಗ ಕೈ ಓಡುವುದಿಲ್ಲ. ತಪ್ಪು ತಿಳಿಯಬೇಡಿ.

ಆ ಅಂಬಾಸಿಡರನ್ನು ನಮ್ಮ ಮನೆಯವರು ಬಾಡಿಗೆಗೆ ಓಡಿಸುತ್ತಿದ್ದರು. ತೊಂಬತ್ತಾರನೇ ಇಸವಿ, ಮದುವೆಗಳ ತಿಂಗಳು. ಒಂದು ದಿಬ್ಬಣವನ್ನು ಹರಪನಹಳ್ಳಿಗೆ ಬಿಟ್ಟು ಮಧ್ಯಾಹ್ನ ಊರಿಗೆ ವಾಪಸ್ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಓಣಿಯ ಮಾಳಮ್ಮನ ಮಗ ನಿಂತಿದ್ದನಂತೆ. "ಬಾ ಲೇ, ಊರಿಗೇ ಹೊಂಟೀನಿ" ಅಂತ ಕರೆದು ಕೂರಿಸಿಕೊಂಡರು. ಅರಸೀಕೆರೆ ದಾಟಿದ ಮೇಲೆ ನೇರ ರಸ್ತೆ. ಎದುರಿಗೆ ಗಾಡಿ ಇಲ್ಲ, ಅಡ್ಡ ದನ ಇಲ್ಲ. ಕಾರು ಹೋಗಿ ಹುಣಸೆ ಮರಕ್ಕೆ ಬಡಿಯಿತು. ಇಬ್ಬರೂ ಉಳಿಯಲಿಲ್ಲ.

ಕುಡಿದಿದ್ದ ಅಂದರು ಜನ. ಕುಡಿದಿಲ್ಲ ಅಂತ ಆಸ್ಪತ್ರೆಯವರು ಬರೆದುಕೊಟ್ಟರು. ಹಾಗಾದರೆ ನಿದ್ದೆ ಮಾಡಿದ ಅಂದರು. ಊರ ಬಾಯಿಗೆ ಯಾರು ಮುಚ್ಚಳ ಹಾಕುತ್ತಾರೆ? ಮುರಿದ ಕಾರನ್ನು ಹಿತ್ತಲಿಗೆ ತಂದು ಹಾಕಿದ ಮೇಲೆ, ಎಷ್ಟೋ ತಿಂಗಳಾದ ಮೇಲೆ, ನಮ್ಮ ಭಾವ ದೊಡ್ಡಬೀರಪ್ಪ ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ ನೋಡಿದ. ಜಗ್ಗಲೇ ಇಲ್ಲ. ಇಬ್ಬರು ಹಿಡಿದರು, ಮೂವರು ಹಿಡಿದರು, ಒಂದು ಕೂದಲೆಳೆಯಷ್ಟೂ ಜಗ್ಗಲಿಲ್ಲ. ಆವಾಗ ಗೊತ್ತಾಯಿತು. ಓಡುತ್ತಿದ್ದ ಎಂಜಿನ್ ಜಾಮ್ ಆಗಿ ಗಾಡಿಯನ್ನು ಎಳೆದುಕೊಂಡು ಹೋಗಿದೆ, ನಮ್ಮ ಮನೆಯವರ ತಪ್ಪು ಇಲ್ಲ. ಅದಕ್ಕೇ ನಾನು ಅದನ್ನು ಮಾರಲಿಲ್ಲ. ಗುಜರಿಯವರು ಎಷ್ಟು ಸಲ ಬಂದರೂ ಕೊಡಲಿಲ್ಲ.

ಮಾಳಮ್ಮ ನಂಬುವುದಿಲ್ಲ. ನನ್ನ ಅಂಗನವಾಡಿಯ ಮುಂದಿನಿಂದಲೇ ದಿನವೂ ನೀರಿಗೆ ಹೋಗುತ್ತಾಳೆ. ಏಳು ವರ್ಷದಿಂದ ನನ್ನ ಕಡೆ ಮುಖ ಎತ್ತಿ ನೋಡಿಲ್ಲ. ಬಲ್ಲವರು ಬಿಚ್ಚಿ ನೋಡಿ ಹೇಳಿದರೆ ನಂಬುತ್ತಾಳೆ ಅಂತ ನನ್ನ ಆಸೆ. ನೀವು ಬಲ್ಲವರು. ನಮ್ಮ ಮನೆಯವರ ಹೆಸರಿಗೆ ಹತ್ತಿದ ಮಸಿ ತೊಳೆಯುವುದು ಈಗ ನಿಮ್ಮ ಕೈಯಲ್ಲಿದೆ.

ಇಂತಿ ನಿಮ್ಮ ತಂಗಿಯ ಸಮಾನ,
ಸೌಭಾಗ್ಯ


ಕೊಟ್ಟೂರು
20-10-2003

ತಂಗಿ ಸೌಭಾಗ್ಯಳಿಗೆ ಪಂಚಾಕ್ಷರಪ್ಪನ ಶರಣು.

ತಡವಾಯಿತು. ಆಯುಧ ಪೂಜೆಯ ಹೊತ್ತಿಗೆ ಲಾರಿಯವರೆಲ್ಲ ಒಟ್ಟಿಗೇ ಬಂದು ತಲೆ ಮೇಲೆ ಕೂತರು.

ಎಂಜಿನ್ ಬಿಚ್ಚಿದೆ. ನೀನು ಅಂದದ್ದು ನಿಜ. ಓಡುತ್ತಿರುವಾಗಲೇ ಸೀಜ್ ಆಗಿದೆ, ಅಂದರೆ ಬಿಗಿದು ನಿಂತಿದೆ. ಕ್ರ್ಯಾಂಕ್ ಬೇರಿಂಗ್ ಅಂತ ಒಂದು ಭಾಗ ಇರುತ್ತದೆ, ತೆಂಗಿನ ಚಿಪ್ಪಿನ ಹಾಗೆ ಬಾಗಿದ ತಗಡು. ಅದು ಕರಗಿ ಕಪ್ಪಾಗಿ ಹತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಎಂಥ ಡ್ರೈವರ್ ಇದ್ದರೂ ಗಾಡಿ ಕೈಗೆ ಸಿಗುವುದಿಲ್ಲ. ನಿನ್ನ ಗಂಡ ದುರುಗೇಶನಿಂದ ಏನೂ ಮಾಡಲಾಗುತ್ತಿರಲಿಲ್ಲ. ಇನ್ನು ಮೇಲೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೊಸ ಬೇರಿಂಗ್ ಹಾಕಿ ಎಂಜಿನ್ ಜೋಡಿಸುತ್ತಿದ್ದೇನೆ. ಎಂ.ಜಿ.ಯಲ್ಲಿ ಕೂರಿಸುವುದಕ್ಕೆ ಎರಡು ಕಡೆ ಪಟ್ಟಿ ಕತ್ತರಿಸಿ ಬೆಸೆಯಬೇಕಾಯಿತು. ಆ ಗಾಡಿಗೆ ಒಂದಲ್ಲ, ಎರಡು ಕಾರ್ಬೊರೇಟರ್. ಇಬ್ಬರು ಹೆಂಡಿರ ಸಂಸಾರ, ಇಬ್ಬರಿಗೂ ಸಮ ಗಾಳಿ ಸಿಗಬೇಕು, ಇಲ್ಲದಿದ್ದರೆ ಗಾಡಿ ಕೆಮ್ಮುತ್ತದೆ. ಪ್ರವೀಣಕುಮಾರ್ ವಾರಕ್ಕೊಮ್ಮೆ ಬಂದು, "ಮೇಸ್ತ್ರಿ, ಸೌಂಡು ಹೆಂಗ ಬರತೈತಿ?" ಅಂತ ಕೇಳಿ ಹೋಗುತ್ತಾನೆ. ಸೌಂಡು ಬರುವುದಕ್ಕೆ ಮೊದಲು ಗಾಡಿ ಓಡಬೇಕಲ್ಲಪ್ಪ ಅಂತ ನಾನು.

ದೀಪಾವಳಿ ಬಂತು. ಈ ಸಲ ಮನೆಯಲ್ಲಿ ನೆಮ್ಮದಿಯಿಂದ ದೀಪ ಹಚ್ಚು.

ಇಂತಿ,
ಪಂಚಾಕ್ಷರಪ್ಪ


ಉಚ್ಚಂಗಿದುರ್ಗ
29-10-2003

ಪೂಜ್ಯ ಅಣ್ಣನವರಿಗೆ ಸೌಭಾಗ್ಯಳ ಸಾಷ್ಟಾಂಗ ನಮಸ್ಕಾರ. ನಾವು ಕ್ಷೇಮ. ನೋಡಿ, ಇವತ್ತು ಬರೆದೆ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಭಾವನ ಮುಂದೆ ಓದಿದೆ. ಅವನು ಟವಲ್ಲಿನಿಂದ ಕಣ್ಣು ಒರೆಸಿಕೊಂಡು, "ನನ್ನ ತಮ್ಮ ಚಿನ್ನದಂಥಾವ, ನಾ ಅವತ್ತ ಹೇಳಿದ್ನಿಲ್ಲ?" ಅಂದ. ನಾನು ದೀಪ ಹಚ್ಚಿದೆ, ಏಳು ವರ್ಷದ ಮೇಲೆ ಹೋಳಿಗೆ ಮಾಡಿದೆ.

ಆಮೇಲೆ ಭಾವ ಮಾಳಮ್ಮನ ಮನೆಗೆ ಹೋಗಿ ನಿಮ್ಮ ಕಾಗದವನ್ನು ಓದಿ ಹೇಳಿದ. "ಕಾಗದದಾಗ ಯಾರ್ ಏನ್ ಬೇಕಾದ್ರೂ ಬರೀತಾರ. ಅಮ್ಮನ ಮೆಟ್ಲ ಮ್ಯಾಲೆ ಕರ್ಪೂರ ಹಚ್ಚಿ ಆಣಿ ಮಾಡ್ಲಿ. ಆಮ್ಯಾಲೆ ನಾ ಬಾಯಿ ತೆಗಿಯಂಗಿಲ್ಲ, ಸಾಯೋತನಕ ತೆಗಿಯಂಗಿಲ್ಲ" ಅಂದಳಂತೆ.

ನಮ್ಮ ಮನೆತನಗಳಲ್ಲಿ ಬಗೆಹರಿಯದ ಜಗಳವನ್ನು ಹಾಗೆಯೇ ಮುಗಿಸುವುದು. ಉಚ್ಚಂಗೆಮ್ಮನ ಮೆಟ್ಟಿಲ ಮೇಲೆ ಕರ್ಪೂರ ಹಚ್ಚಿ, ಸತ್ಯ ಇದು ಅಂತ ಹೇಳಿ, ಉರಿಯನ್ನು ಅಂಗೈಯಿಂದ ಆರಿಸಬೇಕು. ಆರಿಸಿದ ಮೇಲೆ ಎರಡೂ ಕಡೆಯವರು ಮತ್ತೆ ಆ ಮಾತನ್ನು ಎತ್ತುವಂತಿಲ್ಲ. ಎತ್ತಿದರೆ ವಂಶ ಉಳಿಯುವುದಿಲ್ಲ ಅಂತ ನಂಬಿಕೆ. ಹೊಸ್ತಿಲ ಹುಣ್ಣಿಮೆಯ ದಿನ ಅಂತ ಗೊತ್ತಾಗಿದೆ. ಆಣೆ ನಾನೇ ಮಾಡುತ್ತೇನೆ.

ನೀವು ಒಂದು ಉಪಕಾರ ಮಾಡಬೇಕು. ಕರಗಿದ ಆ ಬೇರಿಂಗನ್ನು ನನಗೆ ಕಳಿಸಿ. ಅದನ್ನು ಮೆಟ್ಟಿಲ ಮೇಲೆ ಇಟ್ಟು ಆಣೆ ಮಾಡುತ್ತೇನೆ. ಮಾಳಮ್ಮ ಕೈಯಲ್ಲಿ ಹಿಡಿದು ನೋಡಲಿ.

ಇಂತಿ ನಿಮ್ಮ ತಂಗಿ,
ಸೌಭಾಗ್ಯ


ಕೊಟ್ಟೂರು
8-11-2003

ತಂಗಿ ಸೌಭಾಗ್ಯಳಿಗೆ ಶರಣು.

ಹಳೆಯ ಸಾಮಾನೆಲ್ಲ ಗುಜರಿಗೆ ಹೋಗಿದೆ. ಬೇರಿಂಗ್ ಅದರಲ್ಲೇ ಹೋಗಿರಬೇಕು. ಹುಡುಕಿಸುತ್ತೇನೆ, ಆದರೆ ಸಿಗುವ ಭರವಸೆ ಇಲ್ಲ. ಅಷ್ಟಕ್ಕೂ ಆಣೆ ಯಾಕಮ್ಮ? ಬೆಂಕಿಯ ಮೇಲೆ ಕೈ ಇಡುವ ಕೆಲಸ ಬೇಡ. ನಿನ್ನ ಮನಸ್ಸಿಗೆ ಸಮಾಧಾನವಾಯಿತಲ್ಲ, ಅಷ್ಟು ಸಾಕು. ಮಾಳಮ್ಮ ನಂಬಿದರೆ ನಂಬಲಿ, ಬಿಟ್ಟರೆ ಬಿಡಲಿ.

ಕೆಲಸ ಬಹಳ ಇದೆ. ಹೆಚ್ಚು ಬರೆಯುವುದಕ್ಕೆ ಆಗುತ್ತಿಲ್ಲ.

ಇಂತಿ,
ಪಂಚಾಕ್ಷರಪ್ಪ


ಉಚ್ಚಂಗಿದುರ್ಗ
15-11-2003

ಅಣ್ಣನವರಿಗೆ ನಮಸ್ಕಾರ.

ಗುಜರಿಗೆ ಹೋಗಿದ್ದರೆ ಹೋಗಲಿ, ನಿಮ್ಮ ತಪ್ಪಲ್ಲ. ಆದರೆ ಬರಿಗೈಯಲ್ಲಿ ನಿಂತರೆ ನನ್ನ ಮಾತಿಗೆ ತೂಕ ಬರುವುದಿಲ್ಲ. ಹುಣ್ಣಿಮೆಯ ದಿನ ನೀವೇ ಬನ್ನಿ. ಕಣ್ಣಾರೆ ಕಂಡವರು ನೀವು. ಮೆಟ್ಟಿಲ ಮೇಲೆ ನಿಂತು ನೀವು ಕಂಡದ್ದನ್ನು ಹೇಳಿ, ಕರ್ಪೂರ ಆರಿಸಿ. ಮಾಳಮ್ಮನಿಗೆ ಹೇಳಿ ಕಳಿಸಿದೆ, ಅವಳು ಒಪ್ಪಿದ್ದಾಳೆ. "ಹೊರಗಿನವ್ರು, ಅವ್ರಿಗೆ ಸುಳ್ಳು ಹೇಳೋ ಗರಜು ಏನೈತಿ?" ಅಂದಳಂತೆ.

ಬಸ್ಸಿನ ಖರ್ಚು, ಊಟ, ಎಲ್ಲ ನಮ್ಮದು. ಬರುತ್ತೇನೆ ಅಂತ ಒಂದು ಸಾಲು ಬರೆಯಿರಿ.

ಇಂತಿ,
ಸೌಭಾಗ್ಯ


ಕೊಟ್ಟೂರು
24-11-2003

ಸೌಭಾಗ್ಯಮ್ಮನವರಿಗೆ,

ಶರಣು ಅಂತ ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ. ಈ ಕಾಗದವನ್ನು ಒಬ್ಬರೇ ಇರುವಾಗ ಓದಿ.

ಬೇರಿಂಗ್ ಕರಗಿರಲಿಲ್ಲ. ಗುಜರಿಗೂ ಹೋಗಿಲ್ಲ. ನಿಮ್ಮ ಎಂಜಿನ್ ಓಡುತ್ತಿರುವಾಗ ಸೀಜ್ ಆಗಿರಲಿಲ್ಲ. ವರ್ಷಗಟ್ಟಲೆ ಬಯಲಿನಲ್ಲಿ ನಿಂತು, ಮಳೆಯ ನೀರು ಇಳಿದು, ಒಳಗೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ದೊಡ್ಡಬೀರಪ್ಪನವರು ಹ್ಯಾಂಡಲ್ ಹಾಕಿದ್ದು ಅಪಘಾತವಾಗಿ ಎಷ್ಟೋ ತಿಂಗಳಾದ ಮೇಲೆ. ಒಂದು ಮಳೆಗಾಲ ನಿಂತ ಯಾವ ಎಂಜಿನ್ನೂ ಹಾಗೆ ಜಗ್ಗುವುದಿಲ್ಲ. ಸೀಮೆಎಣ್ಣೆ, ಆಯಿಲ್ಲು ಕಲಸಿ ಒಳಗೆ ಹುಯ್ದು ಒಂದು ವಾರ ಬಿಟ್ಟೆ. ಸಲೀಸಾಗಿ ತಿರುಗಿತು. ಬಿಚ್ಚಿದರೆ ಬೇರಿಂಗುಗಳು ಹೊಸ ಬಟ್ಟಲಿನಷ್ಟು ನುಣುಪಾಗಿದ್ದವು. ದುರುಗೇಶ ಎಂಜಿನ್ನನ್ನು ಬಹಳ ಜತನದಿಂದ ನೋಡಿಕೊಂಡಿದ್ದ. ಹಳೆಯ ಬೇರಿಂಗುಗಳನ್ನೇ ತಿರುಗಿ ಹಾಕಿದ್ದೇನೆ. ಎಂ.ಜಿ.ಯಲ್ಲಿ ಈಗ ಓಡುತ್ತಿರುವುದು ಅವೇ.

ಹಾಗಾದರೆ ಸುಳ್ಳು ಯಾಕೆ ಬರೆದೆ? ನೀವು ಟೆಂಪೋದ ಹಿಂದೆ ಓಡಿ ಬಂದದ್ದು ಕಣ್ಣ ಮುಂದೆ ಕಟ್ಟಿತ್ತು. ಹೋದವರು ಹೋದರು, ಇದ್ದವರಿಗಾದರೂ ನೆಮ್ಮದಿ ಇರಲಿ ಅಂದುಕೊಂಡೆ. ಹೋಳಿಗೆ ಮಾಡಿದೆ ಅಂತ ನೀವು ಬರೆದಾಗ ನನ್ನ ಸುಳ್ಳಿಗೆ ನಾನೇ ಬೆನ್ನು ತಟ್ಟಿಕೊಂಡೆ. ಬೇರಿಂಗ್ ಕಳಿಸಿ ಅಂದಾಗ, ಇನ್ಯಾವುದೋ ಲಾರಿಯ ಕರಗಿದ ಬೇರಿಂಗನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿದೆ. ಪೋಸ್ಟಾಫೀಸಿನ ಬಾಗಿಲತನಕ ಹೋಗಿದ್ದೆ. ಅಲ್ಲಿ ನಿಂತಾಗ ನೀವು ಬರೆದಿದ್ದ ಮಾಳಮ್ಮನ ಮಾತು ನೆನಪಾಯಿತು. ಸಾಯೋತನಕ ಬಾಯಿ ತೆಗೆಯುವುದಿಲ್ಲ ಅಂದಿದ್ದಾಳೆ. ಮಗನನ್ನು ಕಳೆದುಕೊಂಡವಳ ಬಾಯಿಯನ್ನು ನಾನು ಲಾರಿಯ ತಗಡಿನಿಂದ ಮುಚ್ಚಲು ಹೊರಟಿದ್ದೆ. ತಿರುಗಿ ಬಂದೆ. ಆಮೇಲೂ ನಿಜ ಬರೆಯುವುದಕ್ಕೆ ಧೈರ್ಯ ಬರದೆ ಗುಜರಿಯ ನೆಪ ಹೇಳಿದೆ.

ಮೊನ್ನೆ ಎಂಜಿನ್ ಮೊದಲ ಸಲ ಶುರುವಾಯಿತು. ಮೂವತ್ತು ವರ್ಷ ಮಲಗಿದ್ದ ಗಾಡಿ ಎದ್ದರೆ ಮೇಸ್ತ್ರಿಗೆ ಹಬ್ಬ. ಪ್ರವೀಣಕುಮಾರ್ ಶೆಡ್ಡಿನವರಿಗೆಲ್ಲ ಪೇಡೆ ಹಂಚಿದ. ನನ್ನ ಪಾಲಿನ ಪೇಡೆಯನ್ನು ಸಾಮಾನಿನ ಪೆಟ್ಟಿಗೆಯ ಮೇಲೆ ಇಟ್ಟುಬಿಟ್ಟೆ. ಎಂಜಿನ್ ಚೆನ್ನಾಗಿ ಓಡಿದಷ್ಟೂ ನಿಮ್ಮ ಗಂಡನ ಮೇಲೆ ಸಾಕ್ಷಿ ಹೇಳಿದ ಹಾಗೆ ಕೇಳಿಸಿತು.

ನಾನು ಎಂಜಿನ್ ಮಾತ್ರ ನೋಡಿದವನು. ಬ್ರೇಕು, ಸ್ಟೇರಿಂಗ್ ನಿಮ್ಮ ಹಿತ್ತಲಿನ ಕಾರಿನಲ್ಲೇ ಉಳಿದಿವೆ. ಅವುಗಳ ಬಗ್ಗೆ ನೋಡದೆ ಹೇಳಲಾರೆ. ಆಣೆಗೆ ಮಾತ್ರ ಬರಲಾರೆ. ನೀವೂ ಮಾಡಬೇಡಿ, ಕೈಮುಗಿದು ಕೇಳುತ್ತೇನೆ.

ತಪ್ಪಿತಸ್ಥ,
ಪಂಚಾಕ್ಷರಪ್ಪ


ಉಚ್ಚಂಗಿದುರ್ಗ
29-11-2003

ಪಂಚಾಕ್ಷರಪ್ಪನವರಿಗೆ,

ನಿಮ್ಮ ಎರಡೂ ಕಾಗದ ನನ್ನ ಮುಂದಿವೆ. ಎರಡರಲ್ಲೂ ನಿಮ್ಮದೇ ಅಕ್ಷರ, ನಿಮ್ಮದೇ ಸಹಿ. ಯಾವುದನ್ನು ನಂಬಲಿ?

ಮಾಳಮ್ಮ ನಿಮಗೆ ದುಡ್ಡು ಕೊಟ್ಟಳಾ ಅಂತ ಭಾವ ಕೇಳಿದ. ನಾನು ಹಾಗೆ ಕೇಳುವುದಿಲ್ಲ. ಆದರೆ ನನ್ನ ಮೇಲೆ ಕನಿಕರ ತೋರಿಸಿ ಅಂತ ನಿಮಗೆ ಯಾರು ಹೇಳಿದ್ದರು? ಏನಿತ್ತು ಅಂತ ಬರೆಯಿರಿ ಅಂದಿದ್ದೆ, ಅಷ್ಟೇ.

ಹುಣ್ಣಿಮೆಗೆ ಮೊದಲು, ನಮ್ಮ ಎಂಜಿನ್ ಕೂರಿಸಿದ ಆ ಕಾರನ್ನು ಇಲ್ಲಿಗೆ ತನ್ನಿ. ಹಿತ್ತಲಲ್ಲಿ ಉಳಿದ ಗಾಡಿಯನ್ನು ನನ್ನ ಎದುರಿಗೇ ನೋಡಿ. ಆಮೇಲೆ ಆ ಎಂಜಿನ್ ಓಡುವುದನ್ನು ನಾನೇ ಕೇಳುತ್ತೇನೆ. ಹನ್ನೊಂದು ವರ್ಷ ಅದರ ಸಪ್ಪಳ ಕೇಳಿಯೇ ಒಲೆ ಮೇಲೆ ಅನ್ನಕ್ಕೆ ಇಟ್ಟವಳು ನಾನು.

ಸೌಭಾಗ್ಯ


ಕೊಟ್ಟೂರು
1-12-2003

ಸೌಭಾಗ್ಯಮ್ಮನವರಿಗೆ,

ಗುರುವಾರ ತರುತ್ತೇನೆ. ಪ್ರವೀಣಕುಮಾರ್‌ಗೆ ಎಲ್ಲ ಹೇಳಿದೆ. ಮೊದಲ ಸವಾರಿ ತಾನೇ ಮಾಡಬೇಕು ಅಂತ ಕುಣಿಯುತ್ತಿದ್ದವನು, "ಅವ್ರ ಮನಿಗೆ ಮೊದ್ಲು ಹೋಗಿ ಬರ್ರಿ ಮೇಸ್ತ್ರಿ" ಅಂದ.

ಎರಡು ದಿನದಿಂದ ಟ್ಯೂನಿಂಗಿಗೆ ಕೂತಿದ್ದೇನೆ. ಎರಡು ಕಾರ್ಬೊರೇಟರಿನ ಬಾಯಿಗೂ ರಬ್ಬರ್ ನಳಿಕೆ ಹಿಡಿದು, ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು, ಉಸಿರು ಎರಡರಲ್ಲೂ ಒಂದೇ ಸಮ ಬರುವ ತನಕ ಸ್ಕ್ರೂ ತಿರುಗಿಸಬೇಕು. ಇಂದು ಕೂಡ್ಲಿಗಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಏರಿನಲ್ಲಿ ಸ್ವಲ್ಪ ತಡೆಯುತ್ತಿತ್ತು, ಕಿಡಿಯ ಟೈಮಿಂಗ್ ಒಂದಿಷ್ಟು ಮುಂದಕ್ಕೆ ಮಾಡಿದ ಮೇಲೆ ಸರಿಹೋಯಿತು. ಅರೆಬರೆ ಕೆಲಸ ಮಾಡಿ ತಂದು, ಅದು ದಾರಿಯಲ್ಲಿ ಕೆಮ್ಮಿದರೆ, ನಿಮಗೆ ಮತ್ತೆ ಸುಳ್ಳು ಆಸೆ ಹುಟ್ಟುತ್ತದೆ. ಅದಕ್ಕೇ ಈ ಸಲ ಏನನ್ನೂ ಬಾಕಿ ಉಳಿಸಿಲ್ಲ.

ಪಂಚಾಕ್ಷರಪ್ಪ


ಉಚ್ಚಂಗಿದುರ್ಗ
10-12-2003

ಅಣ್ಣನವರಿಗೆ ಸೌಭಾಗ್ಯಳ ನಮಸ್ಕಾರ.

ಗುರುವಾರ ನೀವು ಹೋಗುವಾಗ ನಾನು ಒಂದು ಲೋಟ ನೀರು ಕೂಡ ಕೊಡಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಬಾಯಿ ತೆರೆದರೆ ಅಳು ಬರುತ್ತಿತ್ತು.

ನೀವು ಮುರಿದ ಕಾರಿನ ಕೆಳಗೆ ಅಂಗಾತ ಮಲಗಿ ತೆವಳಿಕೊಂಡು ಹೋದಿರಿ. ಒಂದೊಂದೇ ಸರಳನ್ನು ಹಿಡಿದು ಅಲ್ಲಾಡಿಸಿ, "ಸ್ಟೇರಿಂಗ್ ಸರಿ ಐತಿ ತಂಗಿ. ಮುರಿದದ್ದೆಲ್ಲ ಬಡಿದ ಏಟಿಗೆ ಮುರಿದದ್ದು. ಬ್ರೇಕಿನ ಪೈಪು ಸುದ್ದಾ ಗಟ್ಟಿ ಐತಿ" ಅಂದಿರಿ. ಅಷ್ಟು ಕೇಳಿದರೂ ನಾನು ಒಪ್ಪಿರಲಿಲ್ಲ.

ಆಮೇಲೆ ನೀವು ತಂದ ಎಂ.ಜಿ. ಕಾರಿನಲ್ಲಿ ಕೂತೆ. ನನ್ನ ಅಂಗನವಾಡಿಯ ಮಕ್ಕಳು ಕೇಕೆ ಹಾಕುತ್ತಾ ಹಿಂದೆ ಓಡಿ ಬಂದವು. ಸಪ್ಪಳ ಮೊದಲಿನದಲ್ಲ, ಜೋರಾಗಿದೆ. ಆದರೆ ಅದರ ಅಡಿಯಲ್ಲಿ ಹಳೆಯದು ಇತ್ತು. ಹುಣಸೆ ಮರದ ಹತ್ತಿರ ನಿಲ್ಲಿಸಿ ಅಂದೆ. ನಿಲ್ಲಿಸಿದಿರಿ. ಗಾಡಿ ನಿಂತರೂ ಎಂಜಿನ್ ಓಡುತ್ತಿತ್ತು. ಇಳಿದು ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತೆ. ಒಮ್ಮೆಯಾದರೂ ತಡವರಿಸಲಿ ಅಂತ ಉಚ್ಚಂಗೆಮ್ಮನನ್ನು ಬೇಡಿಕೊಂಡೆ. ತಡವರಿಸಲಿಲ್ಲ.

ಆ ತಿಂಗಳು ನಮ್ಮ ಮನೆಯವರು ಮನೆಗೆ ಬರುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ಊಟಕ್ಕೆ ಕೂತರೆ ತುತ್ತು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದರು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೆಟ್ಟವರಲ್ಲ ಅವರು, ದಣಿದಿದ್ದರು. ದಣಿದವರು ನಿದ್ದೆ ಮಾಡುತ್ತಾರೆ. ಇಷ್ಟನ್ನು ಹೇಳಿಕೊಳ್ಳಲು ನನಗೆ ಏಳು ವರ್ಷ ಬೇಕಾಯಿತು.

ಹುಣ್ಣಿಮೆಯ ದಿನ ಮೆಟ್ಟಿಲಿಗೆ ಹೋದೆ. ಭಾವ ಬೇಡ ಅಂದ. "ಸತ್ತವನ ಹೆಸರು ಯಾಕ ಕೆಡಿಸ್ತಿ? ಸುಮ್ನ ಮನಿಯಾಗ ಇದ್ದುಬಿಡು" ಅಂತ ಬೈದ. ಆದರೂ ನನ್ನ ಹಿಂದೆಯೇ ಬಂದ. ಮಾಳಮ್ಮ ನಮಗಿಂತ ಮೊದಲೇ ಬಂದು ನಿಂತಿದ್ದಳು. ಕರ್ಪೂರ ಹಚ್ಚಿದೆ. ಉರಿಯನ್ನು ಆರಿಸಲಿಲ್ಲ. ಎಂಜಿನ್ ಸರಿ ಇತ್ತು ಅತ್ತೀ ಅಂತ ಮಾಳಮ್ಮನಿಗೆ ಅಂದೆ. ಬ್ರೇಕೂ ಸರಿ ಇತ್ತು. ನನ್ನ ಗಂಡನಿಗೆ ನಿದ್ದೆ ಹತ್ತಿತ್ತು. ನಿನ್ನ ಮಗನನ್ನು ಕರೆದು ಕೂರಿಸಿಕೊಂಡು ಊರು ಮುಟ್ಟಿಸಲಿಲ್ಲ. ಹೀಗೆ ಹೇಳುವಾಗ ಮಗ ಅಂದರೆ ಸಾಲದು ಅನ್ನಿಸಿ ಅವನ ಹೆಸರು ಹಿಡಿದು ಹೇಳಿದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಹೊಡೆದರೂ ಹೊಡೆಸಿಕೊಳ್ಳಲು ಸಿದ್ಧಳಾಗಿದ್ದೆ. ಅವಳು ಮೆಟ್ಟಿಲ ಮೇಲೆ ಕೂತಳು. ಕರ್ಪೂರ ತಾನಾಗಿ ಉರಿದು ಮುಗಿಯುವ ತನಕ ಅದನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು.

"ಏಳು ವರ್ಷ ಎಂಜಿನ್ ಎಂಜಿನ್ ಅಂದ್ಯಲ್ಲ ಸೌಭಾಗ್ಯ. ಓಣಿಯಾಗ ಎಲ್ಲಾರ ಮುಂದೂ ಎಂಜಿನ್ ಅಂದಿ. ನನ್ನ ಮಗನ ಹೆಸರು ನಿನ್ನ ಬಾಯಾಗ ಬಂದದ್ದು ಇವತ್ತ ನೋಡು" ಅಂದಳು.

ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ಏಳಲಿಲ್ಲ.

ಮನೆಗೆ ಬಂದು ನಿಮಗೆ ಬರೆದ ಕಾಗದಗಳನ್ನೆಲ್ಲ ನೆನಪು ಮಾಡಿಕೊಂಡೆ. ನಿಮಗೂ ಹೇಳಿಲ್ಲ ನಾನು. ಹುಲುಗಣ್ಣ ಅಂತ ಅವನ ಹೆಸರು. ಇಪ್ಪತ್ತೆರಡು ವಯಸ್ಸು.

ಇಂತಿ,
ಸೌಭಾಗ್ಯ